ಶೆಲ್ ಹಾರುವ ಮುನ್ನದ ಗಣಿತ

ಮಾರ್ಟರ್ ಹಾರಿಸುವ ಸೈನಿಕನಿಗೆ ಸಾಮಾನ್ಯವಾಗಿ ಗುರಿ ಕಾಣುವುದಿಲ್ಲ. ಗುಡ್ಡದ ಮರೆಯಲ್ಲೋ ಕಂದಕದೊಳಗೋ ನಿಂತು ಆತ ಕೊಳವೆಯ ಬಾಯಿಗೆ ಶೆಲ್ ಜಾರಿಸುತ್ತಾನೆ. ಅದು ನೆತ್ತಿಯ ಮೇಲೇರಿ, ಕಡಿದಾಗಿ ಇಳಿದು, ಕಿಲೋಮೀಟರುಗಳಾಚೆ ಬೀಳುತ್ತದೆ. ಗುರಿಯನ್ನು ಕಾಣುವವನು ಎಲ್ಲೋ ಮುಂದೆ ಅವಿತು ಕುಳಿತ ವೀಕ್ಷಕ. ಅವನು ರೇಡಿಯೊದಲ್ಲಿ ಹೇಳಿದ ಜಾಗ ಕೊಳವೆಯ ಕೋನವಾಗಿ ಬದಲಾಗಬೇಕಾದರೆ ನಡುವೆ ಒಬ್ಬರು ಲೆಕ್ಕ ಹಾಕಬೇಕು. ನೂರು ವರ್ಷಗಳಲ್ಲಿ ಈ ಲೆಕ್ಕ ಪೆನ್ಸಿಲ್‌ನಿಂದ ಪರದೆಗೆ ಬಂದಿದೆ. ಸೇನೆಗಳು ಅದಕ್ಕಾಗಿ ದೊಡ್ಡ ಮೊತ್ತ ಸುರಿಯುತ್ತಿವೆ. ಆ ಹಣದಿಂದ ಕೊಳ್ಳಬೇಕಾದದ್ದು ಏನು ಎಂಬುದನ್ನು ಈ ಇತಿಹಾಸವೇ ತಿಳಿಸಿಕೊಡುತ್ತದೆ.

ಕೊಳವೆ ಮತ್ತು ಫಲಕ

ಇಂದಿನ ಮಾರ್ಟರ್‌ನ ಮೂಲರೂಪ 1915ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲ್‌ಫ್ರೆಡ್ ಸ್ಟೋಕ್ಸ್ ಕೈಯಲ್ಲಿ ಹುಟ್ಟಿತು. ಒಂದು ನಯವಾದ ಕೊಳವೆ, ಅದಕ್ಕೊಂದು ತಳಪಟ್ಟಿ, ಎರಡು ಕಾಲು. ದಾಸ್ತಾನಿನಲ್ಲಿದ್ದ ಮದ್ದುಗುಂಡು ಇದಕ್ಕೆ ಹೊಂದುವುದಿಲ್ಲವೆಂದು ಬ್ರಿಟಿಷ್ ಸೇನೆ ಮೊದಲು ಇದನ್ನು ತಳ್ಳಿಹಾಕಿತ್ತು. ರಾಜಕಾರಣಿ ಲಾಯ್ಡ್ ಜಾರ್ಜ್ ನಡುವೆ ಬಂದ ಮೇಲಷ್ಟೇ ಖರೀದಿಗೆ ಚಾಲನೆ ಸಿಕ್ಕಿತು. ಮುಂದೆ ಈ ಸರಳ ಆಯುಧ ಲೋಕದ ಬಹುತೇಕ ಕಾಲಾಳುಪಡೆಗಳ ಸ್ವಂತ ಫಿರಂಗಿಯಾಯಿತು.

ಆಯುಧ ಸರಳವಾದರೂ ಗಣಿತ ಸರಳವಲ್ಲ. ಸೈನಿಕರು ವೃತ್ತವನ್ನು 6400 ಮಿಲ್‌ಗಳಾಗಿ ಭಾಗಿಸುತ್ತಾರೆ. ದಿಕ್ಕಿನಲ್ಲಿ ಒಂದು ಮಿಲ್ ತಪ್ಪಿದರೆ ಒಂದು ಕಿಲೋಮೀಟರ್ ದೂರದಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ಪಕ್ಕಕ್ಕೆ ಬೀಳುತ್ತದೆ. ದಿಕ್ಕಿನ ಜೊತೆಗೆ ದೂರ, ಮದ್ದಿನ ಪ್ರಮಾಣ, ಅದರ ಉಷ್ಣತೆ, ಗಾಳಿ, ಕೊಳವೆಗೂ ಗುರಿಗೂ ಇರುವ ಎತ್ತರದ ಅಂತರ ಎಲ್ಲವೂ ಲೆಕ್ಕಕ್ಕೆ ಸೇರಬೇಕು. ಅಮೆರಿಕದ ಸೇನೆಯಲ್ಲಿ ಇದಕ್ಕಾಗಿ ದಶಕಗಳ ಕಾಲ ಬಳಕೆಯಲ್ಲಿದ್ದದ್ದು ಎಂ16 ಎಂಬ ಫಲಕ. ಚೌಕಳಿ ಬರೆದ ಹಲಗೆಯ ಮೇಲೆ ತಿರುಗುವ ಪಾರದರ್ಶಕ ಬಿಲ್ಲೆ. ಅದರ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿ, ಕೋಷ್ಟಕ ತೆರೆದು, ಕೋನ ಓದಿ ಹೇಳಬೇಕಿತ್ತು. ಒಬ್ಬ ಹಾಕಿದ ಲೆಕ್ಕವನ್ನು ಇನ್ನೊಬ್ಬ ಬೇರೆಯಾಗಿ ಹಾಕಿ ತಾಳೆ ನೋಡುವ ಶಿಸ್ತು ಆ ಕೆಲಸದ ಜೊತೆಗೇ ಬೆಳೆಯಿತು.

ಕೋಷ್ಟಕಗಳ ಹಿಂದಿನ ಶ್ರಮ

ಆ ಕೋಷ್ಟಕಗಳನ್ನು ತಯಾರಿಸುವುದೇ ಒಂದು ಮಹಾಕಾರ್ಯ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಒಂದು ಶೆಲ್‌ನ ಹಾದಿಯನ್ನು ಮೇಜಿನ ಮೇಲಿನ ಲೆಕ್ಕಯಂತ್ರದಲ್ಲಿ ಬಿಡಿಸಲು ನುರಿತವರಿಗೂ 20 ಗಂಟೆಯಷ್ಟು ಹಿಡಿಯುತ್ತಿತ್ತು. ಒಂದೊಂದು ಕೋಷ್ಟಕಕ್ಕೂ ಇಂಥ ಸಾವಿರಾರು ಹಾದಿಗಳು ಬೇಕಿದ್ದವು. ಮೇರಿಲ್ಯಾಂಡ್‌ನ ಅಬರ್ಡೀನ್‌ನಲ್ಲಿದ್ದ ಸೇನಾ ಪ್ರಯೋಗಾಲಯ ಈ ಹೊರೆ ತಾಳಲಾರದೆ 1943ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡಿತು. ಅದರಿಂದ ಹುಟ್ಟಿದ್ದೇ ಎನಿಯಾಕ್. 1946ರ ಫೆಬ್ರುವರಿಯಲ್ಲಿ ಜಗತ್ತಿಗೆ ಕಾಣಿಸಿಕೊಂಡ ಆ ಯಂತ್ರ ಅದೇ ಲೆಕ್ಕವನ್ನು ಸುಮಾರು 30 ಸೆಕೆಂಡಿನಲ್ಲಿ ಮುಗಿಸಿತು. ಅದಕ್ಕೆ ಕೆಲಸ ಹೇಳಿಕೊಟ್ಟ ಮೊದಲಿಗರು ಆರು ಮಂದಿ ಮಹಿಳೆಯರು. ಆಧುನಿಕ ಕಂಪ್ಯೂಟರ್‌ನ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಹೀಗೆ ಸೇನಾ ಖರೀದಿಯ ಕಡತದಲ್ಲೇ ಆರಂಭವಾಯಿತು.

ಆದರೆ ಸುಮಾರು 30 ಟನ್ ತೂಕದ ಯಂತ್ರ ಕಂದಕಕ್ಕೆ ಬರುವಂತಿರಲಿಲ್ಲ. 1960ರ ದಶಕದಲ್ಲಿ ದೊಡ್ಡ ಫಿರಂಗಿಗಳಿಗೆ ಫೇಡಾಕ್ ಎಂಬ ಕಂಪ್ಯೂಟರ್ ಬಂತು. ಮಾರ್ಟರ್ ದಳದವರು ಮಾತ್ರ ತಮ್ಮ ಸರಂಜಾಮನ್ನು ಬೆನ್ನ ಮೇಲೆ ಹೊರುವ ಕಾಲಾಳುಗಳು. ಅವರ ಪಾಲಿಗೆ ಫಲಕವೇ ಗತಿಯಾಗಿ ಉಳಿಯಿತು. 1980ರ ದಶಕದಲ್ಲಿ ಎಂ23 ಎಂಬ ಕೈಗಣಕ ಬಂದ ಮೇಲೆ ಅವರ ಲೆಕ್ಕವೂ ಗುಂಡಿ ಒತ್ತುವ ಕೆಲಸವಾಯಿತು.

ಕೊಳವೆಗೆ ತನ್ನ ದಿಕ್ಕು ತಿಳಿದಾಗ

ಲೆಕ್ಕ ಬೇಗ ಮುಗಿದರೂ ತೊಡಕು ಮುಗಿಯಲಿಲ್ಲ. ಕೊಳವೆ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಆಗಲೂ ದಿಕ್ಸೂಚಿ ಹಿಡಿದು, ಮುಂದೆ ಗೂಟ ನೆಟ್ಟು, ದೂರದರ್ಶಕದಲ್ಲಿ ಗುರುತಿಸಬೇಕಿತ್ತು. ರಾತ್ರಿ ಆ ಗೂಟಗಳಿಗೆ ದೀಪ ಕಟ್ಟಬೇಕು. ಇತ್ತ ಎದುರಾಳಿಯ ರೇಡಾರ್, ಹಾರುವ ಶೆಲ್‌ನ ಹಾದಿ ಹಿಡಿದು ಅದು ಹೊರಟ ಜಾಗವನ್ನು ಕ್ಷಣದಲ್ಲಿ ಪತ್ತೆ ಮಾಡುತ್ತದೆ. ಒಂದೇ ಕಡೆ ನಿಂತವರು ಉಳಿಯುವುದು ಕಷ್ಟ.

ನ್ಯೂಜೆರ್ಸಿಯ ಪಿಕಟಿನಿ ಆರ್ಸೆನಲ್‌ನಿಂದ ಅಮೆರಿಕ ಸೇನೆ ನಡೆಸಿದ ‘ಮಾರ್ಟರ್ ಫೈರ್ ಕಂಟ್ರೋಲ್ ಸಿಸ್ಟಮ್’ ಯೋಜನೆ ಹಿಡಿದದ್ದು ಈ ಗಂಟನ್ನೇ. ವಾಹನದೊಳಗಿನ 120 ಮಿಲಿಮೀಟರ್ ಮಾರ್ಟರ್‌ಗೆ ಜಿಪಿಎಸ್ ಬಂತು. ಕೊಳವೆಯ ದಿಕ್ಕನ್ನು ತಾನೇ ಅಳೆಯುವ ಗೈರೊ ಬಂತು. ಕಮಾಂಡರ್, ಗನ್ನರ್, ಚಾಲಕ ಮೂವರ ಮುಂದೆಯೂ ಪರದೆ ಬಂತು. ಹಲವು ನಿಮಿಷ ತಿನ್ನುತ್ತಿದ್ದ ಸಿದ್ಧತೆ ಒಂದೆರಡು ನಿಮಿಷಕ್ಕೆ ಇಳಿಯಿತು. ನಡೆದು ಸಾಗುವ ದಳಗಳಿಗೆ ಎಂ32 ಎಂಬ ಹಗುರ ಕೈಗಣಕ ಸಿಕ್ಕಿತು. ಆ ಬಳಿಕ, ಎಳೆದೊಯ್ಯುವ ಮಾರ್ಟರ್‌ಗಳಿಗೂ ಎಂ150, ಎಂ151 ಸಾಧನಗಳು ಬಂದವು. ಪೂರೈಕೆದಾರರಲ್ಲಿ ಎಲ್ಬಿಟ್ ಸಿಸ್ಟಮ್ಸ್‌ನ ಅಮೆರಿಕ ಶಾಖೆ ಪ್ರಮುಖವಾದದ್ದು. ನ್ಯಾಟೊ ದೇಶಗಳು ಶೆಲ್‌ನ ಹಾದಿ ಬಿಡಿಸಲು ಒಂದೇ ಬಗೆಯ ಗಣಿತದ ತಿರುಳನ್ನು ಹಂಚಿಕೊಂಡಿವೆ. ಯಂತ್ರ ಯಾವ ಕಂಪನಿಯದಾದರೂ ಉತ್ತರ ಒಂದೇ ಬರಲೆಂಬ ಉದ್ದೇಶ ಅದರ ಹಿಂದಿದೆ.

ಫಲವನ್ನು ಅಳೆಯಲು ಅಮೆರಿಕ ಸೇನೆಯೇ ಕೊಟ್ಟ ಅಂಕಿಗಳಿವೆ. 120 ಮಿಲಿಮೀಟರ್ ಮಾರ್ಟರ್‌ನ ಗರಿಷ್ಠ ದೂರದಲ್ಲಿ ಅರ್ಧದಷ್ಟು ಶೆಲ್‌ಗಳು ಬೀಳುವ ವೃತ್ತದ ತ್ರಿಜ್ಯ ಸಾಮಾನ್ಯವಾಗಿ 136 ಮೀಟರ್. ಜಾಗ ಮತ್ತು ದಿಕ್ಕನ್ನು ನಿಖರವಾಗಿ ಅರಿಯುವ ವ್ಯವಸ್ಥೆ ಇದ್ದರೆ ಅದು 76 ಮೀಟರ್. 2011ರಲ್ಲಿ ಅಫ್ಘಾನಿಸ್ತಾನಕ್ಕೆ ಕಳುಹಿಸಿದ, ಜಿಪಿಎಸ್ ದಾರಿ ತೋರುವ ಶೆಲ್‌ಗೆ ಸೇನೆ ವಿಧಿಸಿದ್ದ ಗುರಿ 10 ಮೀಟರ್. ಹಳ್ಳಿಗಳ ನಡುವೆ ನಡೆಯುವ ಯುದ್ಧದಲ್ಲಿ ಈ ಅಂತರ ಎಷ್ಟು ಮನೆಗಳ ಉಳಿವು ಎಂದು ಯೋಚಿಸಿ ನೋಡಬೇಕು.

ಖಾಲಿ ಬಿಟ್ಟ ಅಂಕಣ

ಇದೇ ಕಥೆಗೆ ಕಹಿಯಾದ ಇನ್ನೊಂದು ಮಗ್ಗುಲಿದೆ. 2001ರ ಡಿಸೆಂಬರ್ 5ರಂದು ಕಂದಹಾರ್ ಬಳಿ ವಾಯುದಾಳಿಗೆ ಗುರಿ ಸೂಚಿಸುತ್ತಿದ್ದ ಅಮೆರಿಕದ ತಂಡವೊಂದು ಜಿಪಿಎಸ್ ಸಾಧನದ ಬ್ಯಾಟರಿ ಬದಲಿಸಿತು. ಮತ್ತೆ ಎಚ್ಚೆತ್ತ ಸಾಧನ ಗುರಿಯ ಬದಲು ತಾನಿದ್ದ ಜಾಗವನ್ನೇ ತೋರಿಸಿತು. ಬಾಂಬ್ ಅಲ್ಲಿಗೇ ಬಂದು ಬಿತ್ತು. ಮೂವರು ಅಮೆರಿಕನ್ ಸೈನಿಕರೂ ಅವರ ಜೊತೆಗಿದ್ದ ಅಫ್ಘನ್ನರೂ ಸತ್ತರು.

2002ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಫೋರ್ಟ್ ಡ್ರಮ್‌ನಲ್ಲಿ ತರಬೇತಿ ನಡೆದಿತ್ತು. ಫಿರಂಗಿಯ ಕಂಪ್ಯೂಟರ್ ವ್ಯವಸ್ಥೆಗೆ ಗುರಿಯ ಎತ್ತರವನ್ನು ತುಂಬಲು ಮರೆತರು. ಖಾಲಿ ಜಾಗವನ್ನು ಯಂತ್ರ ಸೊನ್ನೆ ಎಂದು ಓದಿತು. ನೆಲ ಇದ್ದದ್ದು ಸಮುದ್ರಮಟ್ಟದಿಂದ ಸುಮಾರು 200 ಮೀಟರ್ ಮೇಲೆ. ಗುರಿ ತಪ್ಪಿದ 105 ಮಿಲಿಮೀಟರ್ ಶೆಲ್‌ಗಳು ಸ್ವಂತ ದಳದ ಇಬ್ಬರು ಸೈನಿಕರನ್ನು ಕೊಂದವು.

ಇವೆರಡೂ ಮಾರ್ಟರ್‌ನ ಅವಘಡಗಳಲ್ಲ. ಆದರೂ ಮಾರ್ಟರ್‌ಗೆ ಡಿಜಿಟಲ್ ವ್ಯವಸ್ಥೆ ಕೊಳ್ಳುವ ಪ್ರತಿಯೊಬ್ಬರೂ ಓದಬೇಕಾದ ಪಾಠಗಳು. ಎರಡೂ ಕಡೆ ಯಂತ್ರದ ಗಣಿತ ಸರಿಯಾಗಿಯೇ ಇತ್ತು. ತನ್ನಲ್ಲಿದ್ದ ಅಂಕಿಯನ್ನು ಅದು ಪ್ರಶ್ನಿಸದೆ ನಂಬಿತ್ತು, ಅದರ ಮುಂದೆ ಕುಳಿತವರು ಅದನ್ನು ನಂಬಿದ್ದರು.

ನಮ್ಮ ಅಂಗಳದಲ್ಲಿ

ಯಂತ್ರವನ್ನು ಎಷ್ಟು ನಂಬಬೇಕೆಂಬ ಈ ಪ್ರಶ್ನೆ ಕನ್ನಡ ನಾಡಿಗೆ ದೂರದ್ದಲ್ಲ. ಭಾರತೀಯ ಫಿರಂಗಿದಳ 2009ರಲ್ಲಿ ಅಳವಡಿಸಿಕೊಂಡ ‘ಶಕ್ತಿ’ ಎಂಬ ಡಿಜಿಟಲ್ ನಿಯಂತ್ರಣ ಜಾಲದ ಹಿಂದೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಕೇಂದ್ರದ ಎಂಜಿನಿಯರುಗಳ ದುಡಿಮೆ ಇದೆ. ಮುಂದಿನ ಪೀಳಿಗೆಯ ಇಂಥ ವ್ಯವಸ್ಥೆಗಳನ್ನು ಬರೆಯುವ ಕೈಗಳಲ್ಲಿ ನಮ್ಮ ಕಾಲೇಜುಗಳಿಂದ ಬಂದವೂ ಇರುತ್ತವೆ.

ಟೆಂಡರ್ ಕಾಗದದಲ್ಲಿ ವೇಗ, ತೂಕ, ಬ್ಯಾಟರಿಯ ಆಯಸ್ಸು, ಬೆಲೆ ಬರೆಯುವುದು ಸುಲಭ, ಅವನ್ನು ಅಳೆಯಬಹುದು. ಅವುಗಳಷ್ಟೇ ಬಿಗಿಯಾಗಿ ಇನ್ನು ಕೆಲವನ್ನೂ ಬರೆಯಬೇಕು. ಅಂಕಣ ಖಾಲಿ ಇದ್ದರೆ ಯಂತ್ರ ಮುಂದಕ್ಕೆ ಹೋಗಕೂಡದು. ಗುರಿ ಸ್ವಂತ ದಳದ ಹತ್ತಿರವಿದ್ದರೆ ತಡೆದು ಕೇಳಬೇಕು. ಬ್ಯಾಟರಿ ಬದಲಾದ ಮೇಲೆ ಹಳೆಯ ಗುರಿ ಅಳಿದಿದ್ದರೆ ಅದನ್ನು ಎದ್ದು ಕಾಣುವಂತೆ ಹೇಳಬೇಕು. ಜಿಪಿಎಸ್ ಸಂಕೇತವನ್ನು ಶತ್ರು ಕೆಡಿಸಿದಾಗ ಕೆಲಸ ಹೇಗೆ ಸಾಗುತ್ತದೆ ಎಂಬುದನ್ನು ಒಪ್ಪಂದಕ್ಕೆ ಮೊದಲೇ ಮೈದಾನದಲ್ಲಿ ತೋರಿಸಬೇಕು. ಫಲಕದ ಮೇಲೆ ಕೈಯಿಂದ ಲೆಕ್ಕ ಹಾಕುವ ತರಬೇತಿಗೂ ಬಜೆಟ್‌ನಲ್ಲಿ ಪಾಲಿರಬೇಕು. ಅಮೆರಿಕ ಸೇನೆ ಇಷ್ಟೆಲ್ಲ ಪರದೆಗಳ ನಡುವೆಯೂ ಎಂ16 ಫಲಕವನ್ನು ತನ್ನ ಕೈಪಿಡಿಗಳಲ್ಲಿ ಉಳಿಸಿಕೊಂಡಿದೆ.

ಪೆನ್ಸಿಲ್ ಕಾಲದ ದೊಡ್ಡ ಆಸ್ತಿ ಎರಡನೆಯವನ ತಾಳೆ ನೋಟ. ವೇಗದ ಹೆಸರಿನಲ್ಲಿ ಅದನ್ನು ಕಳೆದುಕೊಂಡ ಖರೀದಿ ಎಷ್ಟೇ ಅಗ್ಗವಾಗಿ ಬಂದರೂ ದುಬಾರಿಯೇ. ಅದರ ಬೆಲೆಯನ್ನು ಸೈನಿಕರೂ, ಗುರಿಯ ಪಕ್ಕದಲ್ಲಿ ವಾಸಿಸುವ ಸಾಮಾನ್ಯರೂ ತೆರುತ್ತಾರೆ.