‘ಜ್ಯೋತಿ’: ನಾವು ಕೇಳದೆ ಬಿಟ್ಟ ಒಂದು ಪ್ರಯೋಗ

ಸಂಗೀತದಲ್ಲಿ ‘ಪ್ರಯೋಗ’ ಎಂಬ ಮಾತು ಬಂದೊಡನೆ ನಮ್ಮ ರಸಿಕರಲ್ಲಿ ಅನೇಕರು ಹುಬ್ಬು ಗಂಟಿಕ್ಕುತ್ತಾರೆ. ಅದಕ್ಕೆ ಕಾರಣವಿಲ್ಲದಿಲ್ಲ. ನಾಲ್ಕು ವಾದ್ಯಗಳ ಗದ್ದಲಕ್ಕೆ ಒಂದು ರಾಗದ ಹೆಸರಿಟ್ಟು ‘ಸಂಗಮ’ವೆಂದು ಕರೆಯುವುದುಂಟು. ಆದರೆ ಕಾಳನ್ನೂ ಜೊಳ್ಳನ್ನೂ ಒಂದೇ ಮೊರದಿಂದ ಹೊರಚೆಲ್ಲುವುದು ವಿವೇಕವಲ್ಲ. ಬೆಂಗಳೂರಿನ ಕಲಾವಿದರ ಕೈವಾಡವಿದ್ದರೂ ಕನ್ನಡನಾಡಿನಲ್ಲಿ ಚರ್ಚೆಗೆ ಬಾರದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಮತ್ತೊಮ್ಮೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆಯನ್ನು ಮೊದಲು ಅರಿಯೋಣ. 1960ರ ದಶಕದ ಕೊನೆಯಲ್ಲಿ ಪಾಶ್ಚಾತ್ಯ ರಾಕ್ ಸಂಗೀತಗಾರರಲ್ಲಿ ಕೆಲವರಿಗೆ ಮೂರು ನಿಮಿಷದ ಹಾಡಿನ ಚೌಕಟ್ಟು ಸಾಲದಾಯಿತು. ಅವರು ದೀರ್ಘ ರಚನೆ, ವಿಷಮ ಲಯ, ಪರದೇಶದ ವಾದ್ಯ ಇವುಗಳತ್ತ ಹೊರಳಿದರು. ಈ ಪಂಥಕ್ಕೆ ‘ಪ್ರೋಗ್ರೆಸಿವ್ ರಾಕ್’ ಎಂದು ಹೆಸರು ಬಂದಿತು. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1969ರಲ್ಲಿ ಕ್ರಿಶ್ಚಿಯನ್ ಬುರ್ಖಾರ್ಟ್ ಕಟ್ಟಿದ ‘ಎಂಬ್ರಿಯೊ’ ತಂಡವೂ ಇದೇ ದಾರಿಯದು. ಅವರ 1973ರ ‘ವಿ ಕೀಪ್ ಆನ್’ ಮುದ್ರಿಕೆಯಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ (1923–2009) ನುಡಿಸಿದ್ದಾರೆ. ಇವರು ಮಲೇಶಿಯದಲ್ಲಿ ನಾಗಸ್ವರಕ್ಕೆ ಮನಸೋತು ಅದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದವರು.

ಇತ್ತ ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ‘ಕರ್ನಾಟಕ ಕಾಲೇಜ್ ಆಫ್ ಪರ್ಕಶನ್’ ಎಂಬ ತಾಳವಾದ್ಯ ಶಾಲೆಯನ್ನು ಸ್ಥಾಪಿಸಿದ್ದರು. ಈ ಮೂರು ಹೊಳೆಗಳೂ ಕೂಡಿ 1980ರಲ್ಲಿ ‘ಲೈಫ್’ ಎಂಬ ಮುದ್ರಿಕೆ ಹೊರಬಂದಿತು. ಆ ಗೆಳೆತನ ಬೆಳೆದು, 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನಲ್ಲಿ ‘ಜ್ಯೋತಿ’ ಮುದ್ರಿತವಾಯಿತು. ಮ್ಯೂನಿಕ್ಕಿನ ಇಸಿಎಂ ಸಂಸ್ಥೆ ಅದನ್ನು ಪ್ರಕಟಿಸಿತು.

ಇದರಲ್ಲಿ ಎಂಬ್ರಿಯೊ ತಂಡವಿಲ್ಲ. ಗಿಟಾರಿಲ್ಲ, ಪಾಶ್ಚಾತ್ಯ ಡ್ರಮ್ ಇಲ್ಲ. ಆರ್. ಎ. ರಮಾಮಣಿಯವರ ಗಾಯನ ಮತ್ತು ತಂಬೂರಿ, ಮಣಿಯವರ ಮೃದಂಗ, ಆರ್. ಎ. ರಾಜಗೋಪಾಲರ ಘಟ ಮತ್ತು ಮೋರ್ಚಿಂಗ್, ಟಿ. ಎನ್. ಶಶಿಕುಮಾರರ ಖಂಜಿರ, ಇವರೊಡನೆ ಮರಿಯಾನೊ ಅವರ ಸ್ಯಾಕ್ಸೊಫೋನ್ ಮತ್ತು ಕೊಳಲು. ಒಂಟಿ ಕಂಠದಿಂದ ಆರಂಭವಾಗಿ ವಂದನಂ, ವರ್ಷಿಣಿ, ಸಪ್ತರ್ಷಿ, ಕಾರ್ತಿಕ್, ಭಜನ್ ಎಂದು ಒಟ್ಟು ಆರು ರಚನೆಗಳು.

ಇಲ್ಲಿ ತಾವು ಗಮನವಿಟ್ಟು ಕೇಳಬೇಕಾದದ್ದು ಕೊನ್ನಕೋಲನ್ನು, ಎಂದರೆ ಮೃದಂಗದ ಜತಿಗಳನ್ನು ಬಾಯಿಂದಲೇ ನುಡಿಯುವ ಕಲೆಯನ್ನು. ಇದು ಕನ್ನಡ ಓದುಗರಿಗೆ ಅಪರಿಚಿತವೆನಿಸಬೇಕಾಗಿಲ್ಲ. ಅಮ್ಮಿನಬಾವಿಯ ನಮ್ಮ ಶಾಲೆಯ ಮಕ್ಕಳಿಗೆ ಭಾಮಿನಿ ಷಟ್ಪದಿಯನ್ನು ಕಲಿಸುವಾಗ ಮೂರು-ನಾಲ್ಕು, ಮೂರು-ನಾಲ್ಕು ಎಂದು ಮಾತ್ರೆಗಳನ್ನು ಎಣಿಸಲು ಹೇಳುತ್ತೇನೆ. ಅದನ್ನೇ ತಾಳವಾದ್ಯದವರು ‘ತಕಿಟ ತಕಧಿಮಿ’ ಎನ್ನುತ್ತಾರೆ. ಏಳರ ಈ ನಡೆಯೇ ಮಿಶ್ರ. ವಾರ್ಧಕದ ಐದು ಮಾತ್ರೆಯ ಗಣ ಅವರಲ್ಲಿ ‘ತಕ ತಕಿಟ’ ಆಗುತ್ತದೆ, ಅದು ಖಂಡ. ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ಗಮಕದಲ್ಲಿ ಕೇಳಿ ಪಳಗಿದ ಕಿವಿಗೆ, ಪಾಶ್ಚಾತ್ಯರು ವಿಷಮವೆಂದು ಬೆರಗಾದ ಲಯ ಮನೆಯ ಮಾತೇ ಆಗಿದೆ.

ಹಾಗಿದ್ದೂ ಈ ಕೃತಿ ಮೂಲೆಗುಂಪಾದದ್ದೇಕೆ? ಶಾಸ್ತ್ರೀಯ ಶ್ರೋತೃವಿಗೆ ಇದು ಕಛೇರಿಯಲ್ಲ. ರಾಕ್ ಮೆಚ್ಚುವವನಿಗೆ ಇದರಲ್ಲಿ ಅಬ್ಬರವಿಲ್ಲ. ಇಬ್ಬರೂ ತಮ್ಮ ತಮ್ಮ ಅಳತೆಗೋಲನ್ನು ಹಿಡಿದು ಬಂದರು. ಚಂಪೂವನ್ನು ಪದ್ಯವಲ್ಲವೆಂದೋ ಗದ್ಯವಲ್ಲವೆಂದೋ ಜರೆದರೆ ಪಂಪನಿಗೆ ನ್ಯಾಯ ಸಲ್ಲುವುದೇ? ಕೃತಿ ತಾನೇ ಹಾಕಿಕೊಂಡ ನಿಯಮಕ್ಕೆ ತಾನು ನಿಷ್ಠವಾಗಿದೆಯೇ ಎಂಬುದೇ ಸರಿಯಾದ ಪ್ರಶ್ನೆ. ‘ಜ್ಯೋತಿ’ಯ ನಿಯಮ ಸರಳ: ಹೊರಗಿನಿಂದ ಬಂದವನು ನಮ್ಮ ಲಯಕ್ಕೆ ತಲೆಬಾಗಿ, ತನ್ನ ದನಿಯಲ್ಲೇ ಮಾತನಾಡಬೇಕು. ಸ್ಯಾಕ್ಸೊಫೋನು ಕಂಠದ ಗಮಕಗಳನ್ನೆಲ್ಲ ಒಲಿಸಿಕೊಂಡಿದೆಯೆಂದು ನಾನು ಹೇಳಲಾರೆ. ಆ ಸಾಧನೆಗೆ ನಮ್ಮ ಕದ್ರಿ ಗೋಪಾಲನಾಥರನ್ನೇ (1949–2019) ಕೇಳಬೇಕು. ಆದರೆ ಇಲ್ಲಿ ಅದು ತಂಬೂರಿಯ ಶ್ರುತಿಯನ್ನು ಅಡಗಿಸಿ ಮೆರೆಯುವುದಿಲ್ಲ. ಪ್ರಯೋಗದಲ್ಲಿ ಈ ವಿನಯ ಅಪರೂಪ.

ಹೊಸದನ್ನು ತಳ್ಳುವ ಅವಸರಕ್ಕೆ ಬಾನುಲಿಯ ಚರಿತ್ರೆಯಲ್ಲೇ ಒಂದು ಪಾಠವಿದೆ. 1940ರಲ್ಲಿ ಆಕಾಶವಾಣಿಯಿಂದ ಹಾರ್ಮೋನಿಯಂ ಬಹಿಷ್ಕೃತವಾಯಿತು. ನಮ್ಮ ಗಮಕ, ಮೀಂಡುಗಳನ್ನು ಅದು ನುಡಿಸಲಾರದೆಂಬುದು ಆಕ್ಷೇಪ. 1950ರ ಜನವರಿ 8ರಂದು ಧಾರವಾಡ ನಿಲಯ ಆರಂಭವಾದಾಗಲೂ ಆ ನಿಷೇಧವಿತ್ತು. ಅದು ಸಡಿಲವಾದದ್ದು 1970ರ ದಶಕದಲ್ಲಿ. ಈಗ ಪೇಟಿಯಿಲ್ಲದ ಭಜನೆಯನ್ನು ನಮ್ಮ ಹಳ್ಳಿಗಳಲ್ಲಿ ಊಹಿಸಲಾದೀತೇ? ಆಕ್ಷೇಪ ಸುಳ್ಳಾಗಿರಲಿಲ್ಲ; ಆದರೆ ವಾದ್ಯದ ಯೋಗ್ಯತೆಯೆಲ್ಲ ಆ ಒಂದು ಕೊರತೆಯಲ್ಲಿಯೇ ಮುಗಿದಿರಲಿಲ್ಲ.

ಆದ್ದರಿಂದ ‘ಜ್ಯೋತಿ’ ದೊರೆತಾಗ ಎರಡು ಬಾರಿ ಕೇಳಿರಿ. ಮೊದಲ ಸಲ ಸ್ಯಾಕ್ಸೊಫೋನನ್ನು ಮರೆತು, ತೊಡೆಯ ಮೇಲೆ ತಾಳ ಹಾಕುತ್ತ ಮೃದಂಗ, ಘಟ, ಖಂಜಿರಗಳನ್ನು ಹಿಂಬಾಲಿಸಿರಿ. ಎರಡನೆಯ ಸಲ ರಮಾಮಣಿಯವರ ಕಂಠಕ್ಕೂ ಆ ವಾದ್ಯಕ್ಕೂ ನಡೆಯುವ ಸಂವಾದವನ್ನು ಆಲಿಸಿರಿ. ಅನಂತರವೂ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ತಮಗೆ ಇದ್ದೇ ಇದೆ; ಕೇಳಿ ಬೇಡವೆನ್ನುವುದು ವಿಮರ್ಶೆ, ಕೇಳದೆ ಬೇಡವೆನ್ನುವುದು ಬರಿಯ ರೂಢಿ.