ಪಿಕಪ್‌ಗೆ ಇನ್ನೆರಡು ಪ್ಲೇಟು ಹಾಕಿಸುವ ಮುಂಚೆ ಇದನ್ನು ಓದಿ

ಟೊಮೆಟೊ ಗಿಡದಲ್ಲಿದ್ದಾಗ ಬರುವ ರೋಗಗಳ ಬಗ್ಗೆ ನಾವೆಲ್ಲ ತಲೆ ಕೆಡಿಸಿಕೊಳ್ಳುತ್ತೇವೆ. ಈ ವಾರ ಬರೆಯುತ್ತಿರುವುದು, ಕೊಯ್ದ ಮೇಲೆ ಗಾಡಿಯಲ್ಲಿ ಬರುವ ರೋಗದ ಬಗ್ಗೆ. ಅದಕ್ಕೆ ಮದ್ದು ಸ್ಪ್ರೇಯರ್‌ನಲ್ಲಿ ಇಲ್ಲ, ಪಿಕಪ್ಪಿನ ಅಡಿಯಲ್ಲಿದೆ.

ನಮ್ಮ ತೋಟ ಜಿಗಣಿಯಿಂದ ಹಾರಗದ್ದೆ ಕಡೆಗೆ. ವಾರಕ್ಕೆ ಎರಡು ಸಲ ಸೊಪ್ಪು, ಟೊಮೆಟೊ, ಬೀನ್ಸ್ ತುಂಬಿಕೊಂಡು ಬೊಮ್ಮಸಂದ್ರ–ಜಿಗಣಿ ಲಿಂಕ್ ರೋಡ್ ಹಿಡಿದು ಎಲೆಕ್ಟ್ರಾನಿಕ್ ಸಿಟಿಯ ಎರಡು ಅಪಾರ್ಟ್‌ಮೆಂಟ್‌ಗಳಿಗೆ ಕೊಡ್ತೀನಿ. ಈ ಕಡೆ ಓಡಾಡಿದವರಿಗೆ ದಾರಿ ಗೊತ್ತು: ಗ್ರಾನೈಟ್ ಫ್ಯಾಕ್ಟರಿಗಳಿಗೆ ಬಂಡೆ ಹೊತ್ತು ಬರುವ ಲಾರಿಗಳು, ಟಿಪ್ಪರ್‌ಗಳು, ಅವುಗಳ ಚಕ್ರ ತೋಡಿದ ಗುಂಡಿಗಳು. ಗುಂಡಿ ಇಲ್ಲದ ಕಡೆ ಹಂಪು.

ಹೋದ ಬೇಸಿಗೆಯಲ್ಲಿ ಮೂರು ವಾರ ಸತತವಾಗಿ ಒಂದೇ ದೂರು ಬಂತು. ತೂಗಿ ಕೊಡುವಾಗ ಹಣ್ಣು ಚೆನ್ನಾಗಿರುತ್ತೆ, ಮಾರನೇ ಬೆಳಿಗ್ಗೆ ಒಂದು ಪಕ್ಕ ಮೆತ್ತಗಾಗಿ ನೀರಾಡಿರುತ್ತೆ. ಅಲ್ಲಿನ ಹಿರಿಯರೊಬ್ಬರು ನೇರವಾಗಿಯೇ ಹೇಳಿದರು: "ಸಾವಯವ ಅಂತ ದುಡ್ಡು ಜಾಸ್ತಿ ಕೊಡ್ತೀವಿ. ಹಣ್ಣು ಎರಡು ದಿನ ಬಾಳಲ್ಲ ಅಂದ್ರೆ ಹೇಗಪ್ಪ?" ಇನ್ನೊಂದು ವಾರ ನೋಡಿ ಬಿಟ್ಟುಬಿಡ್ತೀವಿ ಅಂತಲೂ ಅಂದರು. ನಲವತ್ತು ಮನೆ. ನನ್ನ ತಿಂಗಳ ಆದಾಯದ ಅರ್ಧ ಅಲ್ಲೇ ಇದೆ.

ತೋಟಗಾರಿಕೆ ಓದಿದವನು ನಾನು. ಮೊದಲು ಅನುಮಾನಪಟ್ಟಿದ್ದು ತಳಿಯನ್ನು, ಆಮೇಲೆ ಕ್ಯಾಲ್ಸಿಯಂ ಕೊರತೆಯನ್ನು, ಆಮೇಲೆ ಕೊಯ್ಲಿನ ಹಂತವನ್ನು. ಗಾಡಿ ತಲೆಗೇ ಬರಲಿಲ್ಲ.

ತಪ್ಪು ನಾನೇ ಮಾಡಿದ್ದು

ಅದಕ್ಕೂ ಆರು ತಿಂಗಳ ಹಿಂದೆ ಕೊಟ್ಟಿಗೆ ಗೊಬ್ಬರ ಹೊಡೆಯುವಾಗ ಗಾಡಿಯ ಹಿಂಭಾಗ ತಗ್ಗಿ ಟೈರಿಗೆ ತಾಗುವಂತಾಗಿತ್ತು. "ಇನ್ನೆರಡು ಪ್ಲೇಟ್ ಹಾಕ್ಸಿಬಿಡಿ ಸಾರ್, ಬಂಡೆ ತುಂಬಿದ್ರೂ ಬಗ್ಗಲ್ಲ" ಅಂದ ಮೆಕ್ಯಾನಿಕ್. ಹಾಕಿಸಿದೆ. ನಿಜಕ್ಕೂ ಬಗ್ಗಲಿಲ್ಲ. ಹಿಂಭಾಗ ಎತ್ತರವಾಗಿ ನಿಂತ ಗಾಡಿ ನೋಡೋಕೂ ಚೆನ್ನಾಗಿತ್ತು.

ದೂರು ಬಂದ ಮೂರನೇ ವಾರವೇ ಇನ್ನೊಂದು ಆಯಿತು. ಗೊಬ್ಬರ ತುಂಬಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದೆ, ಮುಂದಿದ್ದ ಟಿಪ್ಪರ್ ಗಕ್ಕನೆ ನಿಂತಿತು. ಬ್ರೇಕ್ ಒತ್ತಿದೆ, ಗಾಡಿ ಯಾವತ್ತೂ ನಿಲ್ಲುವ ಜಾಗದಲ್ಲಿ ನಿಲ್ಲಲಿಲ್ಲ. ಎಡಕ್ಕೆ ಮಣ್ಣಿಗೆ ಇಳಿಸಿದ್ದಕ್ಕೆ ಬಚಾವಾದೆ. ಮನೆಗೆ ಬಂದಾಗಲೂ ಕೈ ನಡುಗುತ್ತಿತ್ತು.

ನಮ್ಮ ಚಿಕ್ಕಪ್ಪ ಬಹಳ ವರ್ಷ ಕಲ್ಲಿನ ಲಾರಿ ಓಡಿಸಿದವರು. ಟಾರ್ಚ್ ಹಿಡಿದು ಗಾಡಿ ಕೆಳಗೆ ನುಗ್ಗಿ, ಹೊರಗೆ ಬಂದು ಒಂದೇ ಮಾತು ಅಂದರು: "ಲೇ, ನೀನು ಹೊರೋದು ಸೊಪ್ಪು ಕಣೋ, ಬಂಡೆ ಅಲ್ಲ."

ಪ್ಲೇಟು ಹೆಚ್ಚಾದರೆ ಏನಾಗುತ್ತೆ?

ಪಿಕಪ್ಪಿನ ಹಿಂದಿನ ಕಮಾನು ಪಟ್ಟಿಯನ್ನು ಪೂರ್ತಿ ಲೋಡಿಗೆ ಅಂತಲೇ ಮಾಡಿರುತ್ತಾರೆ. ಸೊಪ್ಪು, ಟೊಮೆಟೊ ಎಲ್ಲ ಸೇರಿ ನಾನು ಒಯ್ಯುವುದು ಐನೂರು ಕೆ.ಜಿ. ಒಳಗೆ. ಅಷ್ಟು ಹಗುರ ಲೋಡಿಗೆ ಕಂಪನಿ ಸ್ಪ್ರಿಂಗೇ ಗಟ್ಟಿ. ಅದರ ಮೇಲೆ ಎರಡು ಪ್ಲೇಟು ಸೇರಿಸಿದರೆ ಸ್ಪ್ರಿಂಗ್ ಕೆಲಸವನ್ನೇ ಮಾಡಲ್ಲ. ಗುಂಡಿಯ ಪೆಟ್ಟು ಸೀದಾ ಕ್ರೇಟಿಗೆ, ಕ್ರೇಟಿನಿಂದ ಹಣ್ಣಿಗೆ.

ಪೆಟ್ಟು ತಿಂದ ಟೊಮೆಟೊ ಹೊರಗೆ ತಕ್ಷಣ ಏನೂ ತೋರಿಸುವುದಿಲ್ಲ. ಒಳಗೆ ಜೀವಕೋಶ ಒಡೆದಿರುತ್ತದೆ. ಹಣ್ಣಿನ ಉಸಿರಾಟ ಜೋರಾಗುತ್ತದೆ, ಎಥಿಲೀನ್ ಹೆಚ್ಚು ಬಿಡುತ್ತದೆ, ಬೇಗ ಮೆತ್ತಗಾಗುತ್ತದೆ. ಸಿಪ್ಪೆ ಉಜ್ಜಿ ಗಾಯವಾದ ಕಡೆ ಶಿಲೀಂಧ್ರ ನುಗ್ಗುತ್ತದೆ. ಒಂದರ ಮೇಲೊಂದು ಕ್ರೇಟ್ ಜೋಡಿಸಿದಾಗ ಕೆಳಗಿನದಕ್ಕೆ ಭಾರ ಬೀಳುತ್ತೆ ಅಂತ ನಾವು ಹೆದರುತ್ತೇವೆ. ಆದರೆ ಕುಲುಕಾಟದಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಮೇಲಿನ ಕ್ರೇಟು, ಅದೂ ಹಿಂದಿನ ಆಕ್ಸಲ್‌ನ ಆಚೆ, ಬಾಗಿಲ ಪಕ್ಕ ಇಟ್ಟದ್ದು.

ಬ್ರೇಕಿನ ಕತೆ ಬೇರೆ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಕಡ್ಡಿ ಅಥವಾ ಸಣ್ಣ ಸ್ಪ್ರಿಂಗ್ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತೆ. ಲೋಡ್ ಬಿದ್ದು ಗಾಡಿ ತಗ್ಗಿದರೆ ಅದು ಹಿಂದಿನ ಚಕ್ರಕ್ಕೆ ಬ್ರೇಕ್ ಹೆಚ್ಚು ಬಿಡುತ್ತದೆ. ಖಾಲಿ ಇದ್ದಾಗ ಚಕ್ರ ಲಾಕ್ ಆಗಿ ಜಾರಬಾರದು ಅಂತ ಕಡಿಮೆ ಬಿಡುತ್ತದೆ. ಪ್ಲೇಟು ಹಾಕಿ ಹಿಂಭಾಗ ಎತ್ತಿದರೆ ಗಾಡಿ ತುಂಬಿದ್ದರೂ ಆ ವಾಲ್ವ್ ಪಾಲಿಗೆ ಅದು ಖಾಲಿ ಗಾಡಿ. ನನ್ನ ಗಾಡಿಯಲ್ಲಿ ಆಗಿದ್ದು ಇದೇ.

ಫೋನ್‌ನಲ್ಲೇ ಪರೀಕ್ಷೆ

ನಂಬಿಕೆ ಬರಬೇಕಾದರೆ ನೀವೇ ಅಳೆದು ನೋಡಿ. ಜರ್ಮನಿಯ ಆಕೆನ್ ನಗರದ ವಿಶ್ವವಿದ್ಯಾಲಯ ಮಾಡಿರುವ ಫೈಫಾಕ್ಸ್ ಅನ್ನೋ ಉಚಿತ ಆ್ಯಪ್ ಇದೆ. ಅದು ಫೋನಿನೊಳಗಿನ ಸೆನ್ಸರ್ ಬಳಸಿ ಕುಲುಕಾಟದ ಗ್ರಾಫ್ ಬರೆಯುತ್ತದೆ. ಗುರುತ್ವಾಕರ್ಷಣೆ ಬಿಟ್ಟು ಅಳೆಯುವ ಆಯ್ಕೆ ತೆಗೆದು, ಫೋನನ್ನು ಮೇಲಿನ ಕ್ರೇಟಿನ ತಳಕ್ಕೆ ಮಲಗಿಸಿ ಬಿಗಿಯಾಗಿ ಕಟ್ಟಿ, ನಿಮ್ಮ ಮಾಮೂಲಿ ದಾರಿಯಲ್ಲಿ ಮಾಮೂಲಿ ಸ್ಪೀಡಿನಲ್ಲಿ ಹೋಗಿ ಬನ್ನಿ. ಮೇಲೆ-ಕೆಳಗಿನ ಗೆರೆ ಕೆಳಮುಖವಾಗಿ 9.8 ದಾಟಿದ ಕಡೆಯೆಲ್ಲ ಕ್ರೇಟು ನೆಲ ಬಿಟ್ಟು ಹಾರಿದೆ ಎಂದು ತಿಳಿಯಿರಿ. ನನ್ನ ಗ್ರಾಫ್‌ನಲ್ಲಿ ಪ್ರತಿ ಹಂಪಿಗೂ ಹಾರಿತ್ತು. ಅಷ್ಟೂ ಸಲ ಹಣ್ಣು ಬಿದ್ದಿದೆ ಅಂತಲೇ ಲೆಕ್ಕ.

ಮನೆಯಲ್ಲಿ ಮಾಡಿದ ಕೆಲಸ

ಒಂದು ಭಾನುವಾರ ಪೂರ್ತಿ, ನಾನು ಮತ್ತು ಚಿಕ್ಕಪ್ಪ. ಜೆ.ಸಿ. ರಸ್ತೆಯಿಂದ ಹಿಂದಿನ ಎರಡು ಶಾಕ್ ಅಬ್ಸಾರ್ಬರ್, ಬುಷ್ ಸೆಟ್, ನಾಲ್ಕು ಯು-ಬೋಲ್ಟ್ ತಂದಿದ್ದೆ. ನನಗೆ ಐದು ಸಾವಿರದೊಳಗೆ ಮುಗಿಯಿತು. ಕ್ರಮ ಹೀಗೆ:

1. ಮೊದಲು ಅಳತೆ. ಸಮ ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ ಚಕ್ರದ ನಡುಮಧ್ಯದಿಂದ ಬಾಡಿ ಅಂಚಿನವರೆಗೆ ಎಡ, ಬಲ ಎರಡೂ ಬರೆದಿಟ್ಟುಕೊಳ್ಳಿ. ಫೋಟೊ ತೆಗೆಯಿರಿ. ಎಡ-ಬಲಕ್ಕೆ ವ್ಯತ್ಯಾಸ ಎದ್ದು ಕಂಡರೆ ಪ್ಲೇಟು ಮುರಿದಿರಬಹುದು ಇಲ್ಲವೇ ಸೋತಿರಬಹುದು.

2. ಎತ್ತುವಾಗ ಎಚ್ಚರ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ, ಗಾಡಿ ಗೇರಿನಲ್ಲಿರಲಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಚಾಸಿ ಕೆಳಗೆ ಜಾಕ್ ಸ್ಟ್ಯಾಂಡ್ ಇರಲೇಬೇಕು. ನಮ್ಮ ಜಿಗಣಿಯಲ್ಲಿ ಗ್ರಾನೈಟ್ ತುಂಡಿಗೆ ಬರವಿಲ್ಲ, ಎಲ್ಲರೂ ಅದನ್ನೇ ಜೋಡಿಸುತ್ತಾರೆ. ಪಾಲಿಶ್ ಕಲ್ಲಿನ ಮೇಲೆ ಕಬ್ಬಿಣ ಜಾರುತ್ತೆ, ಕಲ್ಲು ಇದ್ದಕ್ಕಿದ್ದಂತೆ ಸೀಳುತ್ತೆ. ಹಾಲೋ ಬ್ಲಾಕ್ ಕೂಡ ಬೇಡ. ನೆಲ ಮೆತ್ತಗಿದ್ದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಮರದ ಹಲಗೆ ಹಾಕಿ.

3. ಪಟ್ಟಿ ಸೆಟ್ಟು ಇಳಿಸುವುದು. ಆಕ್ಸಲ್‌ಗೆ ಬೇರೆ ಜಾಕ್ ಆಸರೆ ಕೊಟ್ಟು, ಶಾಕ್ ಬಿಚ್ಚಿ, ಯು-ಬೋಲ್ಟ್ ಬಿಚ್ಚಿ. ಒಂದು ಸಲಕ್ಕೆ ಒಂದೇ ಪಕ್ಕ. ಬ್ರೇಕ್ ಪೈಪು ಎಳೆಯದಂತೆ ನೋಡಿಕೊಳ್ಳಿ. ಸೆಟ್ಟು ಭಾರ, ಇಬ್ಬರು ಬೇಕು.

4. ಮನೆಯಲ್ಲಿ ಮಾಡಬಾರದ್ದು. ಪ್ಲೇಟುಗಳನ್ನು ಹಿಡಿದಿರುವ ಸೆಂಟರ್ ಬೋಲ್ಟ್ ಬಿಚ್ಚಬೇಡಿ. ಪ್ಲೇಟುಗಳು ಬಿಗಿತದಲ್ಲಿರುತ್ತವೆ, ಸಿಡಿದರೆ ಕೈ ಹೋಗುತ್ತದೆ. ಪಟ್ಟಿ ಕೆಲಸದ ಅಂಗಡಿಗೆ ಒಯ್ದು ಹೆಚ್ಚುವರಿ ಎರಡು ಪ್ಲೇಟು ತೆಗೆಸಿ, ಕಂಪನಿಯಿಂದ ಬಂದಷ್ಟೇ ಉಳಿಸಿಕೊಂಡೆ. ಹಳೆ ಬುಷ್ಷನ್ನೂ ಅಲ್ಲೇ ಪ್ರೆಸ್ಸಿನಲ್ಲಿ ತೆಗೆಸಿದೆ. ಮುರಿದ ಪ್ಲೇಟಿಗೆ ವೆಲ್ಡಿಂಗ್ ಮಾತ್ರ ಮಾಡಿಸಬೇಡಿ. ಬಿಸಿ ತಾಗಿದರೆ ಉಕ್ಕಿನ ಹದ ಹೋಗಿ, ಅದೇ ಜಾಗದಲ್ಲಿ ಮತ್ತೆ ಮುರಿಯುತ್ತೆ.

5. ತುಕ್ಕು. ಪ್ಲೇಟುಗಳ ನಡುವೆ ತುಕ್ಕು ಹಿಡಿದರೆ ಅವು ಒಂದರ ಮೇಲೊಂದು ಜಾರದೆ ಗಟ್ಟಿ ತುಂಡಿನಂತೆ ಆಗುತ್ತವೆ. ವೈರ್ ಬ್ರಷ್‌ನಲ್ಲಿ ಉಜ್ಜಿಸಿ ಗ್ರಾಫೈಟ್ ಗ್ರೀಸ್ ಸವರಿಸಿದೆ. ತುದಿಯಲ್ಲಿ ಪ್ಲಾಸ್ಟಿಕ್ ಪ್ಯಾಡ್ ಇದ್ದು ಸವೆದಿದ್ದರೆ ಬದಲಿಸಿ.

6. ರಬ್ಬರ್ ಬುಷ್. ಕೂರಿಸುವಾಗ ಸೋಪಿನ ನೀರು ಹಾಕಿ. ಇಂಜಿನ್ ಆಯಿಲ್, ಗ್ರೀಸ್ ತಾಗಿದರೆ ರಬ್ಬರ್ ಊದಿ ಹಾಳಾಗುತ್ತೆ.

7. ಶಾಕ್ ಅಬ್ಸಾರ್ಬರ್. ಶಾಕ್ ಭಾರ ಹೊರಲ್ಲ, ಸ್ಪ್ರಿಂಗಿನ ಕುಣಿತ ನಿಲ್ಲಿಸುತ್ತೆ ಅಷ್ಟೇ. ಆಯಿಲ್ ಸೋರಿದ ಶಾಕ್ ಇದ್ದೂ ಇಲ್ಲದಂತೆ. ಹೊಸದನ್ನು ಹಾಕುವ ಮುಂಚೆ ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ, ಒಳಗಿನ ಗಾಳಿ ಹೋಗಲಿ. ಯಾವತ್ತೂ ಜೋಡಿಯಾಗಿಯೇ ಬದಲಿಸಿ.

8. ಕೊನೆ ಬಿಗಿ ನೆಲದ ಮೇಲೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಪಟ್ಟಿಯ ಎರಡು ತುದಿಯ ಬೋಲ್ಟುಗಳನ್ನು ಗಾಡಿ ಗಾಳಿಯಲ್ಲಿರುವಾಗಲೇ ಬಿಗಿದರೆ, ಇಳಿಸಿದಾಗ ಬುಷ್ ತಿರುಚಿಕೊಂಡು ಕೆಲವೇ ದಿನದಲ್ಲಿ ಹರಿಯುತ್ತದೆ. ಚಕ್ರ ಹಾಕಿ, ಭಾರ ಪೂರ್ತಿ ನೆಲಕ್ಕೆ ಬಿದ್ದ ಮೇಲೆ ಕೊನೆಯ ಬಿಗಿ ಕೊಡಿ. ಯು-ಬೋಲ್ಟ್ ಹೊಸದೇ ಹಾಕಿ, ಎದುರು-ಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಎಷ್ಟು ಬಿಗಿ ಅಂತ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಅಂಗಡಿಯಲ್ಲಿ ಚೆಕ್ ಮಾಡಿಸಿ. ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿಯಲೇಬೇಕು.

ಕೊನೆಗೆ ಆ ಬ್ರೇಕ್ ವಾಲ್ವ್ ಅನ್ನು ವರ್ಕ್‌ಶಾಪ್‌ನಲ್ಲಿ ಸೆಟ್ ಮಾಡಿಸಿದೆ. ಅದರ ಕಡ್ಡಿಯನ್ನು ನೀವೇ ಬಗ್ಗಿಸಲು ಹೋಗಬೇಡಿ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಬ್ರೇಕ್ ನೋಡಿಕೊಂಡ ಮೇಲೆಯೇ ಲೋಡ್ ಹಾಕಿದ್ದು.

ಹಾಗಾದರೆ ಗೊಬ್ಬರ ಹೊರುವುದು ಹೇಗೆ?

ನಿಮ್ಮ ಆರ್‌ಸಿ ಡಿಜಿಲಾಕರ್‌ನಲ್ಲಿ ಸಿಗುತ್ತದೆ, ತೆಗೆದು ನೋಡಿ. ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ನೀವು ಹೊರಬಹುದಾದ ಭಾರ. ಡ್ರೈವರ್, ಜೊತೆಗೆ ಕೂತವರ ತೂಕವೂ ಅದರಲ್ಲೇ ಸೇರುತ್ತದೆ. ಎಷ್ಟು ಪ್ಲೇಟು ಹಾಕಿಸಿದರೂ ಆ ಅಂಕಿ ಬದಲಾಗಲ್ಲ. ಆಕ್ಸಲ್, ಬ್ರೇಕ್, ಟೈರ್ ಅಷ್ಟಕ್ಕೇ ಇರುವುದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಓವರ್‌ಲೋಡಿಗೆ ದಂಡ 20,000 ರೂ., ಹೆಚ್ಚುವರಿ ಪ್ರತಿ ಟನ್ನಿಗೆ ಇನ್ನೂ 2,000. ಕಾಯ್ದೆಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸಿದರೆ ಪ್ರತಿ ಬದಲಾವಣೆಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ನಾನೀಗ ಗೊಬ್ಬರಕ್ಕೆ ಪಕ್ಕದವರ ಟ್ರ್ಯಾಕ್ಟರ್ ಬಾಡಿಗೆಗೆ ಕರೀತೀನಿ. ಲೆಕ್ಕ ಹಾಕಿದರೆ ಕೊಳೆತ ಟೊಮೆಟೊಗಿಂತ ಬಾಡಿಗೆ ಅಗ್ಗ.

ತುಂಬುವ ರೀತಿಯೂ ಸಸ್ಪೆನ್ಷನ್ನೇ

ಒಂದು ರೂಪಾಯಿ ಖರ್ಚಿಲ್ಲದೆ ಇವತ್ತೇ ಮಾಡಬಹುದಾದದ್ದು:

- ಟೈರಿಗೆ ಗಾಳಿ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ. ಹೆಚ್ಚು ಹೊಡೆಸಿದರೆ ಟೈರೇ ಕಲ್ಲಾಗುತ್ತೆ.
- ಕುಂಬಳ, ಗೆಡ್ಡೆ ತರದ ಗಟ್ಟಿ ಮಾಲು ಹಿಂದೆ. ಟೊಮೆಟೊ ಕ್ಯಾಬಿನ್ ಕಡೆಗೆ, ಹಿಂದಿನ ಆಕ್ಸಲ್‌ಗಿಂತ ಮುಂದೆ.
- ಕ್ರೇಟನ್ನು ಅಂಚಿನವರೆಗೆ ತುಂಬಬೇಡಿ. ಎರಡು ಬೆರಳು ಖಾಲಿ ಬಿಟ್ಟರೆ ಮೇಲಿನ ಕ್ರೇಟಿನ ಭಾರ ಹಣ್ಣಿನ ಮೇಲೆ ಕೂರಲ್ಲ.
- ತಳಕ್ಕೆ ಒದ್ದೆ ಇಲ್ಲದ ಒಣ ಹುಲ್ಲು ಅಥವಾ ಪೇಪರ್ ಹಾಸಿ.
- ಕ್ರೇಟುಗಳನ್ನು ಹಗ್ಗದಲ್ಲಿ ಬಿಗಿದು ಕಟ್ಟಿ. ಮೇಲಿನ ಸಾಲು ಹಾರಬಾರದು.
- ದೂರದ ಮಾರುಕಟ್ಟೆಗಾದರೆ ಬಣ್ಣ ತಿರುಗುವ ಹಂತದಲ್ಲೇ ಕೊಯ್ಯಿರಿ. ಹೆಸರಘಟ್ಟದ ಐಐಎಚ್‌ಆರ್‌ನ ಅರ್ಕಾ ರಕ್ಷಕ್‌ನಂಥ ಗಟ್ಟಿ ಹಣ್ಣಿನ ತಳಿಗಳು ಪ್ರಯಾಣ ತಡೆಯುತ್ತವೆ.

ಮುಂದಿನ ಬುಧವಾರ ಅದೇ ದಾರಿ, ಅದೇ ಸ್ಪೀಡು, ಫೋನು ಅದೇ ಕ್ರೇಟಿನಲ್ಲಿ. ಗುಂಡಿಗಳು ಎಲ್ಲೂ ಹೋಗಿರಲಿಲ್ಲ, ಆದರೆ ಗ್ರಾಫ್ 9.8 ದಾಟಿದ್ದು ಎರಡೇ ಕಡೆ, ಎರಡೂ ನಾನು ನೋಡದೆ ಹಾರಿಸಿದ ಹಂಪುಗಳು. ಆ ಅಪಾರ್ಟ್‌ಮೆಂಟಿನ ಹಿರಿಯರಿಗೆ ವಿಷಯ ಬಿಡಿಸಿ ಹೇಳಿ, ಒಂದು ಕೆ.ಜಿ. ಹಾಗೇ ಕೊಟ್ಟು, "ಮೂರು ದಿನ ಹೊರಗೇ ಇಟ್ಟು ನೋಡಿ ಸಾರ್" ಅಂದೆ. ಶನಿವಾರ ಅವರೇ ಫೋನ್ ಮಾಡಿದರು. ಹೊಗಳಲಿಲ್ಲ. "ಈ ಸಲ ಎರಡು ಕೆ.ಜಿ. ಹಾಕಪ್ಪ" ಅಂದರು ಅಷ್ಟೇ. ನಲವತ್ತು ಮನೆಯಲ್ಲಿ ಮೂರು ಆಗಲೇ ಬಿಟ್ಟು ಹೋಗಿದ್ದವು, ಅವು ಇನ್ನೂ ಬಂದಿಲ್ಲ. ಮಿಕ್ಕವು ಉಳಿದವು.

ಈ ಭಾನುವಾರ ನೀವೂ ಟಾರ್ಚ್ ಹಿಡಿದು ಒಮ್ಮೆ ಗಾಡಿ ಕೆಳಗೆ ನೋಡಿ. ಶಾಕ್ ಸೋರಿದೆಯಾ, ಬುಷ್ ಬಿರಿದಿದೆಯಾ, ಪ್ಲೇಟು ಮುರಿದಿದೆಯಾ, ಯು-ಬೋಲ್ಟ್ ನಟ್ಟು ಸಡಿಲವಾ. ಹತ್ತು ನಿಮಿಷದ ಕೆಲಸ. ಬೆಳೆ ತೆಗೆಯೋಕೆ ಮೂರು ತಿಂಗಳು ಬೆವರು ಸುರಿಸಿ, ಅರ್ಧ ಗಂಟೆಯ ದಾರಿಯಲ್ಲಿ ಅದನ್ನು ಕಳೆದುಕೊಳ್ಳಬೇಡಿ.