ನಿಮಗಿದು ಗೊತ್ತೇ? ಎಂಟನೇ ಬಿಟ್ ಉದುರಿದರೆ ಸುರಪುರ ಏನಾಗುತ್ತದೆ?

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ. ಆಗ ಅದರ ಮುಂದೆ ಕೂತವರು ಟೆಲಿಟೈಪ್ ಯಂತ್ರದ ಕೀಲಿ ಕುಟ್ಟುತ್ತಿದ್ದರು. ಇವತ್ತಿನ ಲಿನಕ್ಸಿನಲ್ಲೂ ಕಾಣುವ 'ಟಿಟಿವೈ' ಆ ಟೆಲಿಟೈಪಿನದೇ ಹೆಸರು.

ಎರಡು ಹಳೆಯ ಯುನಿಕ್ಸ್ ಯಂತ್ರಗಳು ಮಾತಾಡಲು ನೆಟ್‌ವರ್ಕ್ ಕಾರ್ಡ್ ಬೇಕಿಲ್ಲ, ಮೂರು ತಂತಿ ಸಾಕು. ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಾದರೆ ಈ ಕಡೆಯ 2ನೇ ಪಿನ್ನನ್ನು ಆ ಕಡೆಯ 3ಕ್ಕೆ, 3ನೆಯದನ್ನು 2ಕ್ಕೆ, 5ನ್ನು 5ಕ್ಕೇ ಬೆಸೆಯಬೇಕು. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸಿಗಬೇಕು, ಅಷ್ಟೇ.

ವೇಗ ಎಷ್ಟು? 9600ಕ್ಕೆ ಹೊಂದಿಸಿದರೆ ಸೆಕೆಂಡಿಗೆ 960 ಅಕ್ಷರ. ಅಕ್ಷರದ ಎಂಟು ಬಿಟ್‌ಗಳ ಹಿಂದೊಂದು ಮುಂದೊಂದು ಕಾವಲು ಬಿಟ್ ಇರುವುದರಿಂದ ಹತ್ತರ ಲೆಕ್ಕ. 80 ಅಕ್ಷರದ 24 ಸಾಲು ತುಂಬಿದ ಪರದೆಗೆ ಸರಿಯಾಗಿ ಎರಡು ಸೆಕೆಂಡ್.

ಈ ತಂತಿಯಲ್ಲಿ ಕನ್ನಡ ಹೇಗೆ ಹೋಗುತ್ತಿತ್ತು, ಗೊತ್ತೇ? ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ತಂತ್ರಜ್ಞಾನದ ಟರ್ಮಿನಲ್‌ಗಳನ್ನು ಯುನಿಕ್ಸಿನ ಸೀರಿಯಲ್ ಪೋರ್ಟಿಗೆ ಜೋಡಿಸಿದರೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಅವುಗಳ ಸಂಕೇತಪಟ್ಟಿ 'ಇಸ್ಕಿ' 1991ರಲ್ಲಿ ಭಾರತೀಯ ಮಾನಕವಾಯಿತು. ಇಲ್ಲಿ ಉದಾಹರಣೆಗೆ ಬರುವ ಯಾದಗಿರಿ, ಶಹಾಪುರ, ಸುರಪುರ ಮೂರೂ ಆಗ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಇಸ್ಕಿಯಲ್ಲಿ ಕನ್ನಡದ 'ಕ'ಕ್ಕೂ ತೆಲುಗಿನ 'ಕ'ಕ್ಕೂ ಹಿಂದಿಯ 'ಕ'ಕ್ಕೂ ಒಂದೇ ಸಂಖ್ಯೆ, 179. ಸುರಪುರ ಅಂತ ಒಮ್ಮೆ ಬರೆದಿಟ್ಟರೆ ಸಾಕು, ಲಿಪಿ ಬದಲಿಸುವ ಸೂಚನೆ ಕೊಟ್ಟ ಕೂಡಲೇ ಅದೇ ಆರು ಬೈಟು ಗಡಿಯ ಗುರುಮಠಕಲ್ ಆಚೆಯ ತೆಲುಗರಿಗೂ ಓದಲು ಸಿಗುತ್ತದೆ. ಎಂಥ ಉದಾರ ಯೋಚನೆ!

ಆದರೆ ಇಸ್ಕಿಯ ಭಾರತೀಯ ಅಕ್ಷರಗಳೆಲ್ಲ 128ರಿಂದ ಮೇಲೆ, ಎಂಟನೇ ಬಿಟ್ಟಿನ ಆಸರೆಯಲ್ಲಿವೆ. ಇಂಗ್ಲಿಷಿಗೆ ಏಳೇ ಸಾಕು. ಅದಕ್ಕೆಂದೇ ಹಳೆಯ ಯುನಿಕ್ಸಿನಲ್ಲಿ 'ಐಸ್ಟ್ರಿಪ್' ಎಂಬ ಸೆಟ್ಟಿಂಗ್ ಇತ್ತು. ಅದು ಆನ್ ಇದ್ದರೆ ಒಳಬರುವ ಪ್ರತಿ ಅಕ್ಷರದ ಎಂಟನೇ ಬಿಟ್ಟನ್ನು ಕಿತ್ತು ಬಿಸಾಡುತ್ತದೆ. 'ಸ' 215. ಅದರಿಂದ 128 ಕಳೆದರೆ 87, ಅಂದರೆ ಇಂಗ್ಲಿಷಿನ 'ಡಬ್ಲ್ಯು'. ಹೀಗೆ ಸುರಪುರ ಎಂದು ಟೈಪಿಸಿದ್ದು ಡಬ್ಲ್ಯು, ಚೌಕ ಕಂಸ, ಓ, ಎಚ್, ಚೌಕ ಕಂಸ, ಓ ಆಗಿಬಿಡುತ್ತದೆ. ಶಹಾಪುರ ಯು, ಎಕ್ಸ್, ಝಡ್ ಎಂದು ಶುರುವಾಗಿ ಮತ್ತದೇ ಎಚ್, ಕಂಸ, ಓ ಎಂದು ಮುಗಿಯುತ್ತದೆ. ಎರಡೂ ಊರಿನ 'ಪುರ' ಆ ಕಸದಲ್ಲೂ ಗುರುತು ಸಿಗುತ್ತದೆ, ನೋಡಿ! ಪರಿಹಾರ 'ಎಸ್‌ಟಿಟಿವೈ' ಆಜ್ಞೆಯ ಒಂದು ಸಾಲು: ಎಂಟು ಬಿಟ್ಟಿಗಾಗಿ 'ಸಿಎಸ್8' ಬರೆದು, 'ಐಸ್ಟ್ರಿಪ್'ಗೆ ಮೊದಲು ಒಂದು ಅಡ್ಡಗೆರೆ ಎಳೆದು ಅದನ್ನು ಆಫ್ ಮಾಡುವುದು. ಹಳೆಯ ಯುನಿಕ್ಸಿನ ಕೈಪಿಡಿಯಲ್ಲಿ ಕನ್ನಡಿಗರು ಮೊದಲು ಓದಬೇಕಾದ ಪುಟ ಇದೇ ಅಂತ ನಾನು ಹೇಳುವೆ.

ಪರದೆಯ ಪಾಡು ಬೇರೆ. ಮಾಮೂಲಿ ವಿಜಿಎ ಟೆಕ್ಸ್ಟ್ ಮೋಡಿನಲ್ಲಿ ಒಮ್ಮೆಗೆ 256 ಆಕಾರ, ಹೆಚ್ಚೆಂದರೆ 512. ಕನ್ನಡದ 34 ವ್ಯಂಜನಕ್ಕೆ ಅನುಸ್ವಾರ, ವಿಸರ್ಗ ಬಿಟ್ಟು ಕಾಗುಣಿತ ಬರೆದರೇ 442. ಒತ್ತಕ್ಷರಕ್ಕೆ ಜಾಗ ಎಲ್ಲಿ? ಆದ್ದರಿಂದ ಗ್ರಾಫಿಕ್ಸ್ ಮೋಡೇ ಗತಿ. ಯುನಿಕ್ಸಿನಲ್ಲಿ ಅದು 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ. ಪಿಸಿಯಲ್ಲಿ ಅದರ ಸಂರಚನಾ ಕಡತಕ್ಕೆ ಮಾನಿಟರಿನ ಅಂಕಿಗಳನ್ನು ಕೈಯಾರೆ ತುಂಬಬೇಕಿತ್ತು. 640×480 ಪರದೆಗೆ ಸೆಕೆಂಡಿಗೆ 2,51,75,000 ಚುಕ್ಕಿ. ಕಾಣದ ಅಂಚೂ ಸೇರಿ ಸಾಲಿಗೆ 800 ಚುಕ್ಕಿ, 525 ಸಾಲು. ಭಾಗಿಸಿ ನೋಡಿ, ಸೆಕೆಂಡಿಗೆ ಹೆಚ್ಚುಕಡಿಮೆ 60 ಚಿತ್ರ ಬರುತ್ತದೆ. ಅಂಕಿ ತಪ್ಪಿದರೆ ಚಿತ್ರ ಓರೆಯಾಗಿ ಉರುಳುತ್ತದೆ. ಕೆಲವು ಹಳೆಯ ಮಾನಿಟರ್‌ಗಳು ಸುಟ್ಟೇ ಹೋಗಬಹುದಿತ್ತು.

ಕೊನೆಯದು ನನಗೆ ತುಂಬ ಇಷ್ಟದ್ದು. ಸೀರಿಯಲ್ ತಂತಿಯ ಮೇಲೆ ಇಂಟರ್ನೆಟ್ ಓಡಿಸುವ 'ಸ್ಲಿಪ್' ವಿಧಾನ 1988ರಲ್ಲಿ ದಾಖಲಾಯಿತು. ಅದರಲ್ಲಿ 'ಕಂತೆ ಮುಗಿಯಿತು' ಎನ್ನಲು 192, 'ಮುಂದಿನದು ಎಚ್ಚರ' ಎನ್ನಲು 219. ಇಸ್ಕಿಯಲ್ಲಿ 192 ನಮ್ಮ 'ಢ', 219 ನಮ್ಮ ಗುಡಿಸು! ಹಾಗಾಗಿ ಕನ್ನಡದ ಪ್ರತಿ ಗುಡಿಸೂ ಸ್ಲಿಪ್‌ನಲ್ಲಿ ಎರಡು ಬೈಟಾಗಿ ಹೋಗಬೇಕು. ಶಹಾಪುರ, ಸುರಪುರ ಆರಾರು ಬೈಟಿನಲ್ಲೇ ದಾಟುತ್ತವೆ. 'ಗಿ', 'ರಿ' ಎರಡು ಗುಡಿಸು ಹೊತ್ತ ಯಾದಗಿರಿಗೆ ಮಾತ್ರ ಏಳರ ಬದಲು ಒಂಬತ್ತು. ಆಮೇಲೆ ಬಂದ 'ಪಿಪಿಪಿ' ವಿಧಾನ ತನ್ನ ಗುರುತಿಗೆ 125 ಮತ್ತು 126ನ್ನು ಆರಿಸಿಕೊಂಡಿತು. ಎರಡೂ 128ರ ಕೆಳಗಿನವು. ಅದರಲ್ಲಿ ಯಾದಗಿರಿಯೂ ಏಳೇ ಬೈಟಿನಲ್ಲಿ ಹೋಗುತ್ತದೆ.